ಮುಧೋಳ ಮರಿಗೆ ‘ಕೂಡು’ ಕಲಿಸುವುದು: ಕೈಯಲ್ಲಿ ಬಿಸ್ಕತ್ತು ಇಲ್ಲದಿದ್ದರೆ ಮಾತೇ ಕೇಳುವುದಿಲ್ಲ

ಕೆಲಗೇರಿಕೆರೆ (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದಲ್ಲಿ ಏಳು ಜನರ ಕೂಡು ಕುಟುಂಬ. ಮೂರು ವಾರಗಳ ಹಿಂದೆ ಭಾವನವರು ಮುಧೋಳದ ಕಡೆಯಿಂದ ಅಲ್ಲಿನ ಬೇಟೆನಾಯಿ ತಳಿಯ ಒಂದು ಹೆಣ್ಣು ಮರಿಯನ್ನು ತಂದರು. ಈಗ ಅದಕ್ಕೆ 11 ವಾರ. ನಿನ್ನೆ ತೂಗಿದಾಗ 5 ಕಿಲೋ ಇತ್ತು. ಬಿಜಲಿ ಎಂದು ಹೆಸರಿಟ್ಟಿದ್ದೇವೆ. ಹೊಡೆದು ಬಡಿದು ಕಲಿಸುವುದು ಬೇಡ, ತಿನಿಸು ಕೊಟ್ಟೇ ಕಲಿಸೋಣ ಎಂದು ಮೊದಲೇ ತೀರ್ಮಾನಿಸಿ, ಕೂಡುವುದು, ಮಲಗುವುದು, ಕರೆದರೆ ಬರುವುದು ಎಂಬ ಮೂರು ಪಾಠಗಳನ್ನು ಆರಂಭಿಸಿದೆ.

ಮೊದಲ ಎರಡೇ ದಿನಗಳಲ್ಲಿ ಬಿಜಲಿ ಕೂಡುವುದನ್ನು ಕಲಿತಾಗ ಮನೆಯವರೆಲ್ಲ ಹಿಗ್ಗಿದೆವು. ಆ ಹಿಗ್ಗು ಒಂದು ವಾರವೂ ಉಳಿಯಲಿಲ್ಲ. ಕೈಯಲ್ಲಿ ಗ್ಲೂಕೋಸ್ ಬಿಸ್ಕತ್ತು ಕಂಡರೆ ನಾನು ಬಾಯಿ ತೆರೆಯುವ ಮೊದಲೇ ಕೂಡುತ್ತದೆ. ಬರಿಗೈ ಚಾಚಿ ‘ಕೂಡು’ ಎಂದರೆ ಅಂಗೈಯನ್ನು ಮೂಸಿ, ಒಮ್ಮೆ ನನ್ನ ಮುಖ ನೋಡಿ, ಹಿತ್ತಲ ಬಾಗಿಲಿನ ಕಡೆಗೆ ಹೊರಟುಹೋಗುತ್ತದೆ. ಎಷ್ಟೋ ಸಲ ಅರ್ಧ ಕೂತು, ಶಹಾಬಾದ್ ಕಲ್ಲಿನ ನೆಲಕ್ಕೆ ಹಿಂಭಾಗ ತಾಗುವಷ್ಟರಲ್ಲಿ ಎದ್ದುಬಿಡುತ್ತದೆ. ‘ನಾಯಿಗೂ ಲಂಚ ಕೊಡುವ ಕಾಲ ಬಂತು’ ಎಂದು ಮಾವನವರು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ.

ಇನ್ನೆರಡು ಸಂಗತಿಗಳನ್ನು ಹೇಳಬೇಕು. ನಮ್ಮ ಅಡುಗೆಮನೆಗೆ ಮಾಂಸ ಬರುವುದಿಲ್ಲ, ಅತ್ತೆಯವರಿಗೆ ಮೊಟ್ಟೆಯೂ ಆಗದು. ಜೊತೆಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತು ಬಳಸುತ್ತಾರೆ: ಮಾವನವರದು ‘ಕುಂದ್ರು’, ನನ್ನದು ‘ಕೂಡು’, ಮೈಸೂರಿನ ನೆಗೆಣ್ಣಿಯದು ‘ಕೂತ್ಕೋ’, ನನ್ನ ಮಗನದು ಶಾಲೆಯಿಂದ ತಂದ ‘ಸಿಟ್’. ತಿನಿಸನ್ನು ಬಿಡಿಸುವುದು ಹೇಗೆ, ಏನು ಕೊಡಬೇಕು, ಯಾವ ಮಾತು ಇಟ್ಟುಕೊಳ್ಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಮೂರನೇ ಮಹಡಿ

ಕೆಲಗೇರಿಕೆರೆ ಅವರೇ, ಬಿಜಲಿ ನೀವು ಕಲಿಸಿದ್ದನ್ನೇ ಚಾಚೂ ತಪ್ಪದೆ ಕಲಿತಿದೆ. ‘ಬಿಸ್ಕತ್ತು ಕಂಡಾಗ ಕೂರಬೇಕು’ ಎಂಬುದು ಅದರ ಪಾಠ. ನೀವು ಹೇಳುವ ‘ಕೂಡು’ ಅದರ ಪಾಲಿಗೆ ಕುಕ್ಕರಿನ ಸೀಟಿಯಂತೆ ಮನೆಯಲ್ಲಿ ಕೇಳುವ ಇನ್ನೊಂದು ಸದ್ದು ಅಷ್ಟೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ನಾಯಿಗಳನ್ನು ಬೆಳೆಸಿದ್ದೇನೆ. ಮೊದಲನೆಯದಕ್ಕೆ ನಾನೂ ಹೀಗೆಯೇ ಕಲಿಸಿದ್ದರಿಂದ ಅದು ಕೊನೆಯವರೆಗೂ ನನ್ನ ಅಂಗಿಯ ಜೇಬನ್ನು ನೋಡಿಯೇ ಕೂರುತ್ತಿತ್ತು.

ಮಾವನವರು ಲಂಚ ಎಂದಿದ್ದರಲ್ಲಿ ಅರ್ಧ ಸತ್ಯವಿದೆ. ಕೆಲಸಕ್ಕೆ ಮೊದಲು ತೋರಿಸಿದ್ದು ಲಂಚ, ಕೆಲಸವಾದ ಮೇಲೆ ಕೈಗೆ ಬಂದದ್ದು ಕೂಲಿ. ಮೊದಲ ಐದಾರು ಸಲ ಮಾತ್ರ ತೋರಿಸುವುದು ಅನಿವಾರ್ಯ, ಏಕೆಂದರೆ ನೀವು ಏನು ಕೇಳುತ್ತಿದ್ದೀರಿ ಎಂಬುದು ಮರಿಗೆ ತಿಳಿಯಲು ಬೇರೆ ದಾರಿಯಿಲ್ಲ. ಬಟಾಣಿ ಕಾಳಿನಷ್ಟು ತಿನಿಸನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿದು ಮೂಗಿನ ತುದಿಗೆ ಒಯ್ಯಿರಿ. ಅಲ್ಲಿಂದ ನಿಧಾನವಾಗಿ, ಎರಡು ಕಿವಿಗಳ ನಡುವಿನಿಂದ ಹಿಂದಕ್ಕೆ ಸರಿಸಿರಿ. ಮೂಗು ಕೈಯನ್ನು ಹಿಂಬಾಲಿಸಿ ಮೇಲೇರಿದಂತೆ ಹಿಂಭಾಗ ತಾನಾಗಿಯೇ ಕೆಳಗಿಳಿಯುತ್ತದೆ. ಕೈ ತುಂಬ ಎತ್ತರಕ್ಕೆ ಹೋದರೆ ಮರಿ ಜಿಗಿಯುತ್ತದೆ, ಬೇಗ ಸರಿದರೆ ಹಿಮ್ಮೆಟ್ಟುತ್ತದೆ. ಹಿಮ್ಮೆಟ್ಟುವ ಮರಿಯಾದರೆ ಗೋಡೆಯ ಮೂಲೆಯಲ್ಲಿ ನಿಲ್ಲಿಸಿಕೊಂಡು ಆರಂಭಿಸಿ. ಬೆನ್ನನ್ನು ಕೈಯಿಂದ ಒತ್ತಿ ಕೂರಿಸಬೇಡಿ, ಒತ್ತಿದರೆ ಅದು ಎದುರಾಗಿ ಬಿಗಿದುಕೊಳ್ಳುತ್ತದೆ.

ಏಳನೆಯ ಸಲ ಕೈ ಖಾಲಿ ಇರಲಿ, ಚಲನೆ ಅದೇ ಇರಲಿ. ತಿನಿಸು ನಿಮ್ಮ ಬೆನ್ನ ಹಿಂದಿನ ಕಪಾಟಿನ ಮೇಲೆ ಒಂದು ಬಟ್ಟಲಿನಲ್ಲಿರಲಿ. ಮರಿ ಕೂತ ತಕ್ಷಣ ‘ಭೇಷ್’ ಎಂದು ಹೇಳಿ, ತಿರುಗಿ, ಬಟ್ಟಲಿನಿಂದ ತೆಗೆದುಕೊಡಿ. ತಿನಿಸು ಕಣ್ಣಿಗೆ ಕಾಣದಿದ್ದರೂ ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲಿ ಹುಟ್ಟಬೇಕು. ನಿಮ್ಮ ಮನೆಯಲ್ಲಿ ಬಿಟ್ಟುಹೋಗಿರುವುದು ಈ ಒಂದು ಮೆಟ್ಟಿಲು. ಬರಿಗೈ ಸನ್ನೆಗೆ ಹತ್ತಕ್ಕೆ ಎಂಟು ಸಲ ಕೂರತೊಡಗಿದ ಮೇಲೆಯೇ ಮಾತನ್ನು ಸೇರಿಸಿ. ಮೊದಲು ಮಾತು, ಒಂದು ಕ್ಷಣ ಬಿಟ್ಟು ಸನ್ನೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮರಿ ಕೈಯನ್ನಷ್ಟೇ ನೋಡುತ್ತದೆ, ಮಾತು ಕಿವಿಗೆ ಬೀಳುವುದೇ ಇಲ್ಲ. ಮಾತನ್ನು ಒಂದೇ ಸಲ ಹೇಳಿ; ‘ಕೂಡು ಕೂಡು ಕೂಡು’ ಎಂದು ಮೂರು ಸಲ ಹೇಳುವ ಮನೆಯಲ್ಲಿ ನಾಯಿ ಮೂರನೆಯ ಸಲಕ್ಕೇ ಕೂರುತ್ತದೆ.

‘ಭೇಷ್’ ಏಕೆಂದರೆ, ಹಿಂಭಾಗ ನೆಲಕ್ಕೆ ತಾಗಿದ ಗಳಿಗೆಗೂ ತಿನಿಸು ಬಾಯಿ ಸೇರುವ ಗಳಿಗೆಗೂ ನಡುವೆ ನಾಲ್ಕಾರು ಸೆಕೆಂಡು ಕಳೆಯುತ್ತದೆ, ಅಷ್ಟರಲ್ಲಿ ಮರಿ ಎದ್ದಿರುತ್ತದೆ, ಮತ್ತು ಎದ್ದದ್ದಕ್ಕೇ ಕೂಲಿ ಸಿಕ್ಕಿತೆಂದು ತಿಳಿಯುತ್ತದೆ. ‘ಇದೋ, ಈ ಕ್ಷಣ ನೀನು ಮಾಡಿದ್ದಕ್ಕೆ’ ಎಂದು ಗುರುತು ಹಾಕಲು ಒಂದು ಚಿಕ್ಕ, ಚುರುಕಾದ ಸದ್ದು ಬೇಕು. ಅಂಗಡಿಯಲ್ಲಿ ಕ್ಲಿಕ್ಕರ್ ಎಂಬ ಡಬ್ಬಿ ಸಿಗುತ್ತದೆ, ನನಗೆ ‘ಭೇಷ್’ ಸಾಕಾಯಿತು. ‘ಶಹಬ್ಬಾಸ್’ ಹೇಳಿ ಮುಗಿಸುವಷ್ಟರಲ್ಲಿ ಮರಿ ವರಾಂಡದಲ್ಲಿರುತ್ತದೆ.

ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಊಟಕ್ಕೆ ಮೊದಲು. ಅದಕ್ಕಿಂತ ಹೆಚ್ಚು ಬೇಡ.

ದನದ ಡಾಕ್ಟರು

ನಾನು ನಿವೃತ್ತ ಪಶುವೈದ್ಯ. ಊರಿನವರು ಕರೆಯುವ ಹೆಸರನ್ನೇ ಇಲ್ಲಿಯೂ ಇಟ್ಟುಕೊಂಡಿದ್ದೇನೆ. ಮೂರನೇ ಮಹಡಿಯವರು ವಿಧಾನವನ್ನು ಹೇಳಿದ್ದಾರೆ, ನಾನು ಬಿಸ್ಕತ್ತಿನ ಲೆಕ್ಕ ಹೇಳುತ್ತೇನೆ.

5 ಕಿಲೋ ತೂಕದ, ನಾಲ್ಕು ತಿಂಗಳೊಳಗಿನ ಮರಿಗೆ ದಿನಕ್ಕೆ ಸುಮಾರು 700 ಕಿಲೋ ಕ್ಯಾಲೊರಿ ಬೇಕು. ಅದರಲ್ಲಿ ತಿನಿಸಿನ ಪಾಲು ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬುದು ನಾವು ವೈದ್ಯರು ಹೇಳುವ ಮಿತಿ, ಅಂದರೆ 70. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸುಮಾರು 450 ಇರುತ್ತದೆ, ಒಂದು ಬಿಸ್ಕತ್ತು 5 ಗ್ರಾಂ ತೂಗಿದರೆ 22 ಆಯಿತು. ಮೂರು ಬಿಸ್ಕತ್ತಿಗೆ ದಿನದ ಲೆಕ್ಕ ಮುಗಿಯಿತು, ಹೊಟ್ಟೆಗೆ ಹೋದದ್ದು ಸಕ್ಕರೆ ಮತ್ತು ಮೈದಾ. ಅದೇ ಪನೀರನ್ನು ಅರ್ಧ ಗ್ರಾಂ ತೂಗುವ ಚೂರುಗಳಾಗಿ ಕತ್ತರಿಸಿದರೆ ಒಂದೊಂದರಲ್ಲಿ ಒಂದೂವರೆ ಕಿಲೋ ಕ್ಯಾಲೊರಿ ಇರುತ್ತದೆ. ನಲವತ್ತು ಸಲ ಕೊಟ್ಟರೂ ಮಿತಿಯೊಳಗೇ ಇರುತ್ತೀರಿ. ಮರಿ ಎಣಿಸುವುದು ಸಲಗಳನ್ನು, ಗಾತ್ರವನ್ನಲ್ಲ.

ಮಾಂಸವಿಲ್ಲದ ಮನೆಗೆ ಉಪ್ಪಿಲ್ಲದ ಪನೀರ್, ಬೇಯಿಸಿದ ಗಜ್ಜರಿ, ಬೇಯಿಸಿದ ಗೆಣಸು ಇವು ಒಳ್ಳೆಯವು. ಮರಿಗೆ ಊಟಕ್ಕೆ ಕೊಡುವ ಒಣ ಆಹಾರದ ಕಾಳುಗಳನ್ನೇ ಬೆಳಿಗ್ಗೆ ಒಂದು ಹಿಡಿ ತೆಗೆದಿಟ್ಟು ಪಾಠಕ್ಕೆ ಬಳಸಿದರೆ ಇನ್ನೂ ಒಳ್ಳೆಯದು, ಆಗ ಲೆಕ್ಕವೇ ಬೇಕಿಲ್ಲ. ಕಡಕ್ ರೊಟ್ಟಿಯ ಚೂರನ್ನು ಕೆಲವರು ಕೊಡುತ್ತಾರೆ. ತಪ್ಪೇನಿಲ್ಲ, ಆದರೆ ಮರಿ ಅದನ್ನು ಕಟಕಟ ಅಗಿದು, ಉದುರಿದ ಪುಡಿಯನ್ನು ನೆಲದಲ್ಲಿ ಹುಡುಕಿ ನೆಕ್ಕಿ ಮುಗಿಸುವಷ್ಟರಲ್ಲಿ ಯಾವ ಪಾಠ ನಡೆಯುತ್ತಿತ್ತೆಂಬುದು ಅದಕ್ಕೂ ನಿಮಗೂ ಮರೆತುಹೋಗಿರುತ್ತದೆ. ಮೆತ್ತಗಿದ್ದು ಒಂದೇ ಗುಟುಕಿಗೆ ಇಳಿಯುವಂಥದ್ದು ಬೇಕು.

ಕೊಡಬಾರದ್ದನ್ನು ಮನೆಯ ಮಕ್ಕಳಿಗೂ ಹೇಳಿಡಿ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಆದ್ದರಿಂದ ಪೂಜೆಯ ಶಿರಾ ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪಿಲ್ಲದ ಹುರಿದ ಶೇಂಗಾ ಒಂದೆರಡು ಕಾಳು ಪರವಾಗಿಲ್ಲ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬೇಡ, ಏಕೆಂದರೆ ಚಟ್ನಿಯಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಚಾಕಲೇಟ್ ಬೇಡವೇ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರುವ ಕ್ಸೈಲಿಟಾಲ್ ನಾಯಿಗೆ ವಿಷ. ಧಾರವಾಡದವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ, ಪೇಢಾ ಕೂಡ ಬೇಡ.

ಲಸಿಕೆಗಳು 16 ವಾರದವರೆಗೆ ನಡೆಯುತ್ತವೆ, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ, ಪಾರ್ವೊ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆಂದು ಮನೆಯೊಳಗೇ ಕೂಡಿಹಾಕಲೂ ಬೇಡಿ. ಮೂರರಿಂದ ಹದಿನಾಲ್ಕು ವಾರಗಳ ನಡುವೆ ಕಂಡದ್ದನ್ನು ನಾಯಿ ಹೆದರದೆ ಒಪ್ಪಿಕೊಳ್ಳುತ್ತದೆ, ಆಮೇಲೆ ಆ ಬಾಗಿಲು ಮೆಲ್ಲನೆ ಮುಚ್ಚುತ್ತದೆ. ತೋಳಿನಲ್ಲಿ ಎತ್ತಿಕೊಂಡು ಬಸ್ಸು, ಆಟೊ, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಇವೆಲ್ಲವನ್ನೂ ತೋರಿಸಿ, ಪ್ರತಿಯೊಂದಕ್ಕೂ ಒಂದೊಂದು ಚೂರು ಪನೀರ್ ಕೊಡುತ್ತ ಬನ್ನಿ. ನಿಮಗೆ ಉಳಿದಿರುವುದು ಮೂರೇ ವಾರ.

ಕೃಷ್ಣಾತೀರ

ಎಲ್ಲರ ಬಗ್ಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಅಥಣಿಯ ಕಡೆ ನಮ್ಮ ಹೊಲದ ಮನೆಯಲ್ಲಿ ಅಜ್ಜನವರ ಕಾಲದಿಂದಲೂ ನಾಯಿಗಳಿದ್ದವು. ಪನೀರಿನ ಚೂರನ್ನು ಅವು ಕನಸಿನಲ್ಲಿಯೂ ಕಂಡಿರಲಿಲ್ಲ. ಅಜ್ಜ ಒಂದು ಸಿಳ್ಳೆ ಹಾಕಿದರೆ ಕಬ್ಬಿನ ಗದ್ದೆಯ ಆ ತುದಿಯಿಂದ ಓಡಿಬರುತ್ತಿದ್ದವು, ‘ಹಚಾ’ ಎಂದರೆ ಹಿಂದೆ ಸರಿಯುತ್ತಿದ್ದವು. ಸೊಂಟಕ್ಕೆ ತಿನಿಸಿನ ಚೀಲ ಕಟ್ಟಿಕೊಂಡು ನಾಯಿಯ ಹಿಂದೆ ಓಡಾಡುವ ಈ ಪದ್ಧತಿಯನ್ನು ನೋಡಿದರೆ, ಯಾರು ಯಾರನ್ನು ಪಳಗಿಸುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ತಿನಿಸು ಮುಗಿದ ದಿನ ಈ ನಾಯಿ ಮಾತು ಕೇಳುತ್ತದೆಯೇ?

ಮಲೆನಾಡ ತೋಟ

ಕೃಷ್ಣಾತೀರ ಅವರೇ, ಒಂದು ಪ್ರಶ್ನೆ ಕೇಳುತ್ತೇನೆ, ವಾದಕ್ಕಾಗಿ ಕೇಳುತ್ತಿಲ್ಲ. ಆ ನಾಯಿಗಳಿಗೆ ಊಟ ಯಾರ ಕೈಯಿಂದ, ಯಾವ ಹೊತ್ತಿಗೆ ಬರುತ್ತಿತ್ತು?

ತಿನಿಸಿನ ಪಾಠ ಇತ್ತೀಚಿನ ಪೇಟೆಯ ಶೋಕಿಯೆಂದು ನಾನೂ ತಿಳಿದಿದ್ದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿಯೇ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅಗುಳಿ ತೆರೆದು ಹೊರಬಂದರೆ ಮೀನು ಸಿಗುವಂತೆ ಮಾಡಿ, ಸಲದಿಂದ ಸಲಕ್ಕೆ ಅವು ಬೇಗ ಬೇಗ ಹೊರಬರುವುದನ್ನು ಅಳೆದಿದ್ದ. ಒಳ್ಳೆಯದನ್ನು ತಂದುಕೊಟ್ಟ ನಡೆ ಗಟ್ಟಿಯಾಗುತ್ತದೆ ಎಂಬುದು ಅವನು ಕಂಡುಕೊಂಡ ಮಾತು. ಸೀಟಿ ಊದಿ ಆಮೇಲೆ ಮೀನು ಎಸೆಯುವ ಕ್ರಮ ಗಟ್ಟಿಯಾಗಿ ಬೆಳೆದದ್ದು ಡಾಲ್ಫಿನ್ ಕೊಳಗಳಲ್ಲಿ, ಅದಕ್ಕೆ ಕಾರಣ ಬಹಳ ಸರಳ: ಈಜಿಕೊಂಡು ದೂರ ಹೋಗಿಬಿಡುವ ಪ್ರಾಣಿಯ ಕೊರಳಿಗೆ ಹಗ್ಗ ಹಾಕಿ ಜಗ್ಗಲು ಬರುವುದಿಲ್ಲ. ಮೂರನೇ ಮಹಡಿಯವರ ‘ಭೇಷ್’ ಆ ಸೀಟಿಯ ಕೆಲಸವನ್ನೇ ಮಾಡುತ್ತದೆ.

ಜಗ್ಗಿ ಕಲಿಸುವುದನ್ನೂ ನಾನು ನೋಡಿದ್ದೇನೆ. ಎಂಟು ವರ್ಷಗಳ ಹಿಂದೆ ತೋಟದ ಮನೆಗೆ ವಾರಕ್ಕೆ ಎರಡು ದಿನ ಒಬ್ಬ ತರಬೇತುದಾರರು ಬರುತ್ತಿದ್ದರು. ಜಗ್ಗಿದರೆ ಕೊರಳು ಬಿಗಿಯುವ ಸರಪಳಿ ಅವರ ಕೈಯಲ್ಲಿರುತ್ತಿತ್ತು. ಹದಿನೈದು ದಿನಗಳಲ್ಲಿ ನಮ್ಮ ಮರಿ ಅವರ ಮುಂದೆ ಗೊಂಬೆಯ ಹಾಗೆ ಕೂರತೊಡಗಿತು, ಹಣ ಕೊಟ್ಟದ್ದು ಸಾರ್ಥಕವಾಯಿತೆಂದು ನಾವೂ ಅಂದುಕೊಂಡೆವು. ಆದರೆ ಗೇಟಿನ ಬಳಿ ಅವರ ಬೈಕಿನ ಸದ್ದು ಕೇಳಿದೊಡನೆ ಅದು ಅಕ್ಕಿ ಮೂಟೆಯ ಹಿಂದೆ ಹೋಗಿ ನಿಂತಲ್ಲಿಯೇ ಉಚ್ಚೆ ಮಾಡಿಕೊಳ್ಳುತ್ತಿತ್ತು. ಅವರನ್ನು ಬಿಡಿಸಿದ ಮೇಲೆಯೂ ಯಾವ ಬೈಕ್ ಬಂದರೂ ಅದೇ ಕಥೆ, ಅಂಚೆಯವರದ್ದಾದರೂ ಸರಿ. ‘ಕೂರು’ ಎಂಬ ಮಾತು ಕೇಳಿದರೆ ಕಿವಿ ಹಿಂದಕ್ಕೆ ಅಂಟುತ್ತಿತ್ತು. ಕೊನೆಗೆ ಆ ಮಾತನ್ನೇ ಬಿಟ್ಟು, ಬೇರೆ ಮಾತಿನಿಂದ, ಬೇಯಿಸಿದ ಮೊಟ್ಟೆಯ ಚೂರಿನಿಂದ ಮೊದಲಿನಿಂದ ಕಲಿಸಬೇಕಾಯಿತು.

ತಿನಿಸು ಮುಗಿದ ದಿನ ಏನಾಗುತ್ತದೆ ಎಂದಿರಿ. ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ಕೊಡುವುದನ್ನು ನಿಲ್ಲಿಸಬೇಕು. ಒಮ್ಮೆ ಎರಡನೆಯ ಸಲಕ್ಕೆ, ಒಮ್ಮೆ ಐದನೆಯ ಸಲಕ್ಕೆ, ಒಮ್ಮೆ ತುಂಬ ಚೆನ್ನಾಗಿ ಮಾಡಿದಾಗ ಒಟ್ಟಿಗೆ ಮೂರು. ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದಾಗ ಪ್ರಾಣಿ ಹೆಚ್ಚು ಹಟದಿಂದ ಪ್ರಯತ್ನಿಸುತ್ತದೆ. ನಡುವೆ ಬಾಗಿಲು ತೆರೆಯುವುದು, ಚೆಂಡು ಎಸೆಯುವುದು, ಕಿವಿಯ ಹಿಂದೆ ಕೆರೆಯುವುದು ಇವೂ ಕೂಲಿಯೇ.

ಕೃಷ್ಣಾತೀರ

ನೀವು ಕೇಳಿದ ಮೇಲೆ ನೆನಪಾಯಿತು. ಅಜ್ಜ ಊಟಕ್ಕೆ ಕೂತಾಗ ಎರಡೂ ನಾಯಿಗಳು ಹೊಸ್ತಿಲಿನ ಆಚೆ ಮುಂಗಾಲು ಚಾಚಿ ಮಲಗಿರುತ್ತಿದ್ದವು. ಒಂದು ಉಗುರು ಹೊಸ್ತಿಲು ದಾಟಿದರೂ ಅಜ್ಜ ತಲೆ ಎತ್ತುತ್ತಿರಲಿಲ್ಲ. ಊಟ ಮುಗಿದ ಮೇಲೆ ಕೊನೆಯ ರೊಟ್ಟಿಯನ್ನು ಎರಡು ತುಂಡು ಮಾಡಿ ಅಲ್ಲಿಗೇ ಎಸೆಯುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಅವುಗಳಿಗೆ ಹಾಕುವಂತಿರಲಿಲ್ಲ. ಇದನ್ನು ತರಬೇತಿ ಎಂದು ಕರೆದರೆ ಅಜ್ಜ ನಗುತ್ತಿದ್ದರೇನೋ. ಸೊಂಟದ ಚೀಲದ ಬಗ್ಗೆ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಘಟಪ್ರಭಾ

ನಾನು ಮುಧೋಳದವನು, ಮನೆಯಲ್ಲಿ ಮೂರು ತಲೆಮಾರಿನಿಂದ ಈ ನಾಯಿಗಳಿವೆ. ಮೂಲ ಪ್ರಶ್ನೆಯಲ್ಲಿ ಒಂದು ಸಾಲು ಇದೆ, ಅದನ್ನು ಯಾರೂ ಗಮನಿಸಿದಂತಿಲ್ಲ: ‘ಅರ್ಧ ಕೂತು, ನೆಲಕ್ಕೆ ಹಿಂಭಾಗ ತಾಗುವಷ್ಟರಲ್ಲಿ ಎದ್ದುಬಿಡುತ್ತದೆ.’

ಮುಧೋಳದ ನಾಯಿಯ ಮೈಮೇಲೆ ಕೊಬ್ಬಿಲ್ಲ, ಕೂದಲೂ ಗಿಡ್ಡ. ಓಡಲೆಂದೇ ಆದ ಮೈಕಟ್ಟು: ಉದ್ದ ತೊಡೆ, ಕಿರಿದಾದ ಸೊಂಟ, ಆಳವಾದ ಎದೆ. ಲ್ಯಾಬ್ರಡಾರ್ ದೊಪ್ಪನೆ ಕೂಡುವ ಹಾಗೆ ಇದು ಕೂಡುವುದಿಲ್ಲ, ಕೂತರೂ ಹೆಚ್ಚು ಹೊತ್ತು ಇರುವುದಿಲ್ಲ. ನಿಲ್ಲುವುದು ಅಥವಾ ಚಾಚಿ ಮಲಗುವುದು ಇದಕ್ಕೆ ಹಿತ. ಶಹಾಬಾದ್ ಕಲ್ಲಿನ ನೆಲ ಜಾರುತ್ತದೆ, ಮುಂಜಾನೆ ತಣ್ಣಗಿರುತ್ತದೆ. ಎಲುಬಿಗೆ ಎಲುಬು ತಾಗುವ ಆ ಪುಟ್ಟ ಹಿಂಭಾಗ ಅಲ್ಲಿ ಊರಿದರೆ ಹೇಗಿರಬೇಕು ಎಂದು ನೀವೇ ಯೋಚಿಸಿ. ನಿಮ್ಮ ಊರಿನ ಪಕ್ಕದಲ್ಲಿಯೇ ಜಮಖಾನಕ್ಕೆ ಹೆಸರಾದ ನವಲಗುಂದವಿದೆ. ಒಂದು ಹಳೆಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಪಾಠ ಮಾಡಿ. ಬರಿಗೈಗೆ ಕೂಡದಿರುವುದಕ್ಕೆ ಬಿಸ್ಕತ್ತು ಅರ್ಧ ಕಾರಣವಾದರೆ ನೆಲ ಇನ್ನರ್ಧ. ಬಿಸ್ಕತ್ತು ಕಂಡಾಗ ಆ ತಣ್ಣನೆಯ ಕಲ್ಲನ್ನೂ ಸಹಿಸಿಕೊಳ್ಳುತ್ತದೆ, ಅಷ್ಟೆ.

ಮಲಗುವುದನ್ನು ಕಲಿಸುವಾಗ ಕೂತ ಮರಿಯ ಮೂಗಿನಿಂದ ತಿನಿಸನ್ನು ನೇರ ಕೆಳಕ್ಕೆ, ಮುಂಗಾಲುಗಳ ನಡುವೆ ಇಳಿಸಿ, ನೆಲ ಮುಟ್ಟಿದ ಮೇಲೆ ನಿಮ್ಮ ಕಡೆಗೆ ಎಳೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ನಾಯಿಗಳು ಆಗ ಹಿಂಭಾಗವನ್ನು ಮೇಲೆತ್ತಿಕೊಂಡು ಮೂಗನ್ನಷ್ಟೇ ಕೆಳಗೆ ತರುತ್ತವೆ. ನೀವು ನೆಲದ ಮೇಲೆ ಕೂತು, ಒಂದು ಮೊಣಕಾಲನ್ನು ಮಡಿಸಿ ಕಮಾನು ಮಾಡಿ, ತಿನಿಸನ್ನು ಅದರ ಅಡಿಯಿಂದ ಆಚೆಗೆ ಒಯ್ಯಿರಿ. ಮರಿ ನುಸುಳಬೇಕಾದರೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಲೇಬೇಕು, ತಾಗಿದ ಕ್ಷಣ ‘ಭೇಷ್’. ಮೂರ್ನಾಲ್ಕು ದಿನಗಳ ಮೇಲೆ ಮೊಣಕಾಲು ಬೇಕಾಗುವುದಿಲ್ಲ.

ಈ ತಳಿಗೆ ತರಬೇತಿಯೇ ಹತ್ತುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. 2016ರಲ್ಲಿ ನಮ್ಮ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆಂದೇ ಹೋದವು. ಹತ್ತುತ್ತದೆ, ಆದರೆ ಬೈಗುಳಕ್ಕೆ ಹತ್ತುವುದಿಲ್ಲ. ಒಮ್ಮೆ ಗದರಿಸಿದರೆ ಎರಡು ದಿನ ಮುಖ ತಿರುಗಿಸಿಕೊಂಡು ಕೂಡುವ ಜಾತಿ ಇದು.

ಹೊಟ್ಟೆ ತುಂಬಿದ ಮೇಲೆ ಓಡಿಸಬೇಡಿ. ಎದೆ ಆಳವಾಗಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ.

ನಿವೃತ್ತ ಮಾಸ್ತರು

ಯಾವ ಮಾತು ಎಂಬ ಪ್ರಶ್ನೆಗೆ ನನ್ನ ಎರಡು ಕಾಸು. ಭಾಷೆ ಯಾವುದಾದರೂ ನಾಯಿಗೆ ಒಂದೇ. ಮನೆಯವರೆಲ್ಲರ ಬಾಯಿಂದ ಅದೇ ಮಾತು, ಅದೇ ಏರಿಳಿತದಲ್ಲಿ ಬರಬೇಕು. ಬದಲಾಯಿಸಲು ಯಾರು ಒಪ್ಪುವುದೇ ಇಲ್ಲವೋ ಅವರ ಮಾತನ್ನೇ ಉಳಿದವರೆಲ್ಲ ಹಿಡಿಯುವುದು ಜಾಣತನ. ನಿಮ್ಮ ಮನೆಯಲ್ಲಿ ಅದು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಆದರೆ ಮಾತುಗಳು ಒಂದಕ್ಕೊಂದು ದೂರವಿರಬೇಕು. ನಮ್ಮಲ್ಲಿ ‘ಬಾ’, ‘ಬೇಡ’, ‘ಬಿಡು’ ಎಂಬ ಮೂರೂ ಒಂದೇ ಅಕ್ಷರದಿಂದ ಹೊರಡುತ್ತವೆ, ಅರ್ಥಗಳು ಮಾತ್ರ ಮೂರು ದಿಕ್ಕಿಗೆ. ನಮ್ಮ ನಾಯಿ ‘ಬಿಡು’ ಎಂದಾಗ ಬಾಯಲ್ಲಿದ್ದದ್ದನ್ನು ಕಚ್ಚಿಕೊಂಡೇ ನನ್ನ ಬಳಿ ಓಡಿಬರುತ್ತಿತ್ತು. ಬಿಡಿಸಲು ‘ಕೊಡು’ ಎಂದು ಬದಲಾಯಿಸಿದೆ, ಆಗ ಅದು ಕೂತುಬಿಟ್ಟಿತು, ಏಕೆಂದರೆ ನಮ್ಮಲ್ಲಿ ಕೂಡಿಸಲು ‘ಕೂಡು’ ಎನ್ನುತ್ತಿದ್ದೆವು. ಕೊನೆಗೆ ‘ಇಳಿಸು’ ಎಂಬುದು ನಿಂತಿತು.

ಕೂತಲ್ಲಿಯೇ ಇರಲು ‘ನಿಲ್ಲು’ ಎನ್ನುವವರು ಬಹಳ. ನಿಲ್ಲು ಎಂದರೆ ಎದ್ದು ನಿಲ್ಲುವುದೂ ಆಗಬಹುದಾದ್ದರಿಂದ ‘ಇರು’ ಲೇಸು. ಒಂದು ಸೆಕೆಂಡು ಇದ್ದರೆ ಕೂಲಿ, ಆಮೇಲೆ ಎರಡು, ಮೂರು, ಐದು. ಆಮೇಲೆ ನೀವು ಒಂದು ಹೆಜ್ಜೆ ಹಿಂದೆ ಸರಿಯುವುದು. ಹೊತ್ತನ್ನು ಹೆಚ್ಚಿಸುವ ದಿನ ದೂರವನ್ನು ಹೆಚ್ಚಿಸಬಾರದು. ಇರುವುದನ್ನು ಮುಗಿಸಲೂ ಒಂದು ಮಾತು ಬೇಕು. ನಾನು ತಿಳಿಯದೆ ‘ಆಯ್ತು’ ಎಂದು ಇಟ್ಟುಕೊಂಡಿದ್ದೆ. ಫೋನಿನಲ್ಲಿ ಬೀಗರಿಗೆ ‘ಆಯ್ತು, ಆಯ್ತು’ ಎನ್ನುತ್ತಿದ್ದಂತೆಯೇ ನಾಯಿ ಎದ್ದು ಹೊರಡುತ್ತಿತ್ತು. ಈಗ ‘ನಡಿ’ ಎನ್ನುತ್ತೇನೆ.

ಕರಾವಳಿಯವಳು

ನಮ್ಮಲ್ಲಿ ತುಳುವಿನಲ್ಲಿ ‘ಕುಲ್ಲು’ ಎಂದರೆ ಸಾಕು, ಕೂರುತ್ತಾಳೆ. ಆದರೆ ‘ಬಾ’ ಎಂದು ಕರೆದರೆ ಅವಳು ಇಂದಿಗೂ ಬರುವುದಿಲ್ಲ, ಆ ತಪ್ಪು ನನ್ನದೇ.

ಮರಿಯಾಗಿದ್ದಾಗ ಕರೆದರೆ ಹಾರಿಕೊಂಡು ಬರುತ್ತಿದ್ದಳು. ಪ್ರತಿ ಭಾನುವಾರ ‘ಬಾ ಬಾ’ ಎಂದು ಕರೆದು, ಬಂದವಳನ್ನು ಹಿಡಿದು ಬಾವಿಕಟ್ಟೆಯ ಬಳಿ ಸ್ನಾನ ಮಾಡಿಸುತ್ತಿದ್ದೆ. ಸಂಜೆ ಅಂಗಳದಲ್ಲಿ ಆಡುತ್ತಿದ್ದವಳನ್ನು ‘ಬಾ’ ಎಂದು ಕರೆದು ಒಳಗೆ ಕಟ್ಟುತ್ತಿದ್ದೆ. ಕಿವಿಯ ಔಷಧಕ್ಕೂ ಅದೇ ಮಾತು. ಒಂದು ದಿನ ಅವಳು ನನ್ನಿಂದ ಹತ್ತು ಅಡಿ ದೂರದಲ್ಲಿ ನಿಂತು, ಬಾಲವನ್ನು ಅಲ್ಲಾಡಿಸುತ್ತಲೇ, ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಮಾತಿನ ಅರ್ಥ ಅವಳಿಗೆ ಸರಿಯಾಗಿಯೇ ತಿಳಿದಿತ್ತು: ಬಾ ಎಂದರೆ ಆಟ ಮುಗಿಯಿತು.

ಬಿಜಲಿಯ ಮನೆಯಲ್ಲಿ ಏಳು ಜನರಿದ್ದಾರೆ, ಊಟಕ್ಕೆ ಬಾ, ಇಲ್ಲಿ ಬಾ, ಬೇಗ ಬಾ ಎಂದು ದಿನಕ್ಕೆ ನೂರು ಸಲ ಆ ಮಾತು ಗಾಳಿಯಲ್ಲಿರುತ್ತದೆ. ಕರೆಯಲು ಬೇರೆ ಏನನ್ನಾದರೂ ಇಟ್ಟುಕೊಳ್ಳಿ. ಒಂದು ಸಿಳ್ಳೆಯಾದರೂ ಆದೀತು, ಕೃಷ್ಣಾತೀರ ಅವರ ಅಜ್ಜನ ಹಾಗೆ. ಇಬ್ಬರು ಕೋಣೆಯ ಎರಡು ತುದಿಯಲ್ಲಿ ಕೂತು ಸರದಿಯಂತೆ ಕರೆದು, ಬಂದಾಗಲೆಲ್ಲ ಇರುವುದರಲ್ಲಿ ಅತ್ಯುತ್ತಮ ತಿನಿಸನ್ನು ಕೊಡಿ. ಕೊಡುವಾಗ ಇನ್ನೊಂದು ಕೈಯಿಂದ ಕೊರಳಪಟ್ಟಿಯನ್ನು ಮೆಲ್ಲನೆ ಮುಟ್ಟಿ ಬಿಡಿ, ಇಲ್ಲದಿದ್ದರೆ ತಿನಿಸು ಕಸಿದುಕೊಂಡು ಕೈಗೆ ಸಿಗದೆ ಓಡುವ ಕಲೆಯನ್ನೂ ಕಲಿಯುತ್ತದೆ. ಸ್ನಾನಕ್ಕೆ, ಔಷಧಕ್ಕೆ ನೀವೇ ನಡೆದುಹೋಗಿ ಎತ್ತಿಕೊಳ್ಳಿ, ಕರೆಯಲೇಬೇಡಿ.

ಘಟಪ್ರಭಾ

ಕರಾವಳಿಯವಳು ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲವೋ ಬೆಕ್ಕೋ ಓಡುವುದು ಕಂಡ ಮೇಲೆ ಸಿಳ್ಳೆಯೂ ಇಲ್ಲ, ಪನೀರೂ ಇಲ್ಲ. ಎಷ್ಟೇ ಚೆನ್ನಾಗಿ ಕಲಿತಿದ್ದರೂ ರಸ್ತೆಯ ಬದಿಯಲ್ಲಿ ಹಗ್ಗ ಬಿಚ್ಚಬೇಡಿ. ಬಯಲಿನಲ್ಲಿ ಅಭ್ಯಾಸ ಮಾಡಿಸುವಾಗ ಹತ್ತು ಮೀಟರ್ ಹಗ್ಗ ಕಟ್ಟಿ, ಅದನ್ನು ಕೊರಳಿಗೆ ಬೇಡ, ಎದೆಪಟ್ಟಿಗೆ ಕಟ್ಟಿ.

ಕೆಲಗೇರಿಕೆರೆ (ನಾಲ್ಕು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ.

ಜಮಖಾನ ಹಾಸಿದ ದಿನವೇ ವ್ಯತ್ಯಾಸ ಕಂಡಿತು. ಅದುವರೆಗೆ ಅರ್ಧಕ್ಕೆ ಏಳುತ್ತಿದ್ದ ಬಿಜಲಿ ಅದರ ಮೇಲೆ ಹಿಂಭಾಗವನ್ನು ಪೂರ್ತಿ ಊರಿ, ಒಂದು ಕಡೆಗೆ ಸ್ವಲ್ಪ ವಾಲಿಕೊಂಡು ಕೂತಿತು. ಪನೀರಿನ ಬಟ್ಟಲು ದೇವರ ಮಾಡದ ಪಕ್ಕದ ಗೂಡಿನಲ್ಲಿರುತ್ತದೆ. ಮೊದಲ ಮೂರು ದಿನ ಬರಿಗೈ ಸನ್ನೆಗೆ ಅಂಗೈಯನ್ನು ಮೂಸುವುದು ನಡೆದೇ ಇತ್ತು. ನಾನು ಕೈಯನ್ನು ಹಾಗೆಯೇ ಹಿಡಿದು ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಮೂಸಿ, ನನ್ನ ಮುಖ ನೋಡಿ, ಆಮೇಲೆ ಗೂಡಿನ ಕಡೆ ನೋಡಿ ಕೂತಿತು. ನಾನು ‘ಭೇಷ್’ ಎಂದದ್ದು ಎಷ್ಟು ಜೋರಾಗಿತ್ತೆಂದರೆ ಅತ್ತೆಯವರು ಅಡುಗೆಮನೆಯಿಂದ ಹೊರಗೆ ಬಂದರು. ಈಗ ಗೂಡಿನ ಕಡೆ ನೋಡುವುದೂ ನಿಂತಿದೆ, ಮೂರು ಸಲಕ್ಕೋ ನಾಲ್ಕು ಸಲಕ್ಕೋ ಒಮ್ಮೆ ಕೊಡುತ್ತೇನೆ.

ಮಾಸ್ತರು ಊಹಿಸಿದಂತೆಯೇ ಆಯಿತು. ಮಾವನವರು ‘ಕುಂದ್ರು’ವನ್ನು ಬಿಡಲಿಲ್ಲ, ಆದ್ದರಿಂದ ಮೈಸೂರಿನ ನೆಗೆಣ್ಣಿಯೂ ಈಗ ‘ಕುಂದ್ರು’ ಎನ್ನುತ್ತಾಳೆ. ಕರೆಯಲು ಸಿಳ್ಳೆ ಹಾಕುವುದು ನನ್ನ ಮಗನಿಗೊಬ್ಬನಿಗೇ ಬರುವುದರಿಂದ, ನಾವೆಲ್ಲ ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡುತ್ತೇವೆ. ಅತ್ತೆಯವರು ಊಟದ ಹೊತ್ತಿಗೆ ಯಾರಿಗೂ ತಿಳಿಯದಂತೆ ರೊಟ್ಟಿ ಹಾಕುತ್ತಿದ್ದರೆಂಬುದು ಎರಡನೆಯ ವಾರದಲ್ಲಿ ಹೊರಬಿತ್ತು. ತಟ್ಟೆಯ ಬಳಿ ಬಂದು ಮುಂಗಾಲಿಡುವ ಅಭ್ಯಾಸ ಎಲ್ಲಿಂದ ಬಂತೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಈಗ ಹೊಸ್ತಿಲಿನ ನಿಯಮವನ್ನು ಅವರಿಗೇ ಒಪ್ಪಿಸಿದ್ದೇನೆ, ನನಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದಾರೆ.

ಉಳಿದಿರುವ ತೊಂದರೆ ಚಪ್ಪಲಿಯದು. ಬಾಯಿಗೆ ಸಿಕ್ಕರೆ ಬಿಡುವುದಿಲ್ಲ, ಹತ್ತಿರ ಹೋದರೆ ಮಂಚದ ಕೆಳಗೆ. ಪನೀರ್ ತೋರಿಸಿದರೆ ತಕ್ಷಣ ಬಿ‌ಡುತ್ತದೆ, ಆದರೆ ಈಚೆಗೆ ಪನೀರ್ ಬೇಕೆನಿಸಿದಾಗಲೆಲ್ಲ ಒಂದು ಚಪ್ಪಲಿಯನ್ನು ತಂದು ನನ್ನ ಮುಂದೆ ನಿಲ್ಲುತ್ತಿದೆ.

ಮೂರನೇ ಮಹಡಿ

ಅದು ನಿಮಗೆ ಒಳ್ಳೆಯ ಪಾಠ ಕಲಿಸಿದೆ. ಮತ್ತೆ ತೋರಿಸುವ ಹಂತಕ್ಕೇ ಬಂದಿದ್ದೀರಿ, ನೋಡಿ.

ಚಪ್ಪಲಿ ಸಿಕ್ಕಾಗ ಕಲಿಸಲು ಹೋಗಬೇಡಿ, ಸಿಗದಿದ್ದಾಗ ಕಲಿಸಿ. ಅದರದ್ದೇ ಒಂದು ಆಟಿಕೆಯನ್ನು, ಗಂಟು ಹಾಕಿದ ಹಳೆಯ ಬಟ್ಟೆಯಾದರೂ ಸಾಕು, ಬಾಯಿಗೆ ಕೊಟ್ಟು ಎಳೆದಾಡಿ. ನಡುವೆ ನೀವು ಎಳೆಯುವುದನ್ನು ನಿಲ್ಲಿಸಿ ಕೈಯನ್ನು ಮರದ ಹಾಗೆ ಬಿಗಿಮಾಡಿ. ಮರಿ ಬೇಸತ್ತು ಬಾಯಿ ಸಡಿಲಿಸಿದ ಕ್ಷಣ ‘ಭೇಷ್’, ಗೂಡಿನಿಂದ ಒಂದು ಚೂರು, ಮತ್ತು ಆ ಬಟ್ಟೆಯನ್ನು ತಿರುಗಿ ಅದಕ್ಕೇ ಕೊಟ್ಟುಬಿಡಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಎಂದು ಅದಕ್ಕೆ ಖಚಿತವಾಗಬೇಕು. ಹತ್ತಕ್ಕೆ ಎಂಟು ಸಲ ಬಿಡತೊಡಗಿದ ಮೇಲೆ ‘ಇಳಿಸು’ ಎಂಬ ಮಾತನ್ನು ಸೇರಿಸಿ, ಆಮೇಲೆ ಒಂದು ಹಳೆಯ ಚಪ್ಪಲಿಯಿಂದ ಇದನ್ನೇ ಮಾಡಿ. ತಾನಾಗಿ ಚಪ್ಪಲಿ ತಂದು ಮುಂದೆ ನಿಂತರೆ ಅದರ ಕಡೆ ನೋಡಲೂ ಬೇಡಿ. ಅಷ್ಟರವರೆಗೆ ಉಳಿದ ಚಪ್ಪಲಿಗಳು ಎತ್ತರದಲ್ಲಿರಲಿ.

ದನದ ಡಾಕ್ಟರು

ಇನ್ನೊಂದು ಮಾತು. ಈಗ ಬಿಜಲಿಗೆ ನಾಲ್ಕು ತಿಂಗಳಾಗುತ್ತ ಬಂತು, ಹಾಲುಹಲ್ಲು ಬೀಳುವ ಕಾಲ. ಒಸಡು ತುರಿಸುವುದರಿಂದ ಆರೇಳು ತಿಂಗಳವರೆಗೆ ಕಂಡದ್ದನ್ನೆಲ್ಲ ಕಚ್ಚುತ್ತದೆ. ಒದ್ದೆ ಬಟ್ಟೆಯನ್ನು ಹುರಿಮಾಡಿ ಫ್ರೀಜರಿನಲ್ಲಿಟ್ಟು ಕೊಡಿ, ತಂಪಿಗೆ ಹಿತವಾಗುತ್ತದೆ. ಬಟ್ಟೆಯ ಎಳೆಗಳನ್ನು ನುಂಗದಂತೆ ನೀವು ಪಕ್ಕದಲ್ಲಿಯೇ ಇರಿ. ತೂಕ ಹೆಚ್ಚಿರುತ್ತದೆ, ಮತ್ತೊಮ್ಮೆ ತೂಗಿ ತಿನಿಸಿನ ಲೆಕ್ಕವನ್ನು ಸರಿಪಡಿಸಿಕೊಳ್ಳಿ. ರೇಬಿಸ್ ಲಸಿಕೆ ಆಯಿತೇ?

ಕೆಲಗೇರಿಕೆರೆ

ಆಯಿತು, ಡಾಕ್ಟರೇ, ಎರಡು ವಾರಗಳ ಹಿಂದೆ. ಸೂಜಿ ಚುಚ್ಚುವಾಗ ನಮ್ಮವರು ಮೂಗಿನ ಮುಂದೆ ಪನೀರ್ ಹಿಡಿದಿದ್ದರು, ಬಿಜಲಿಗೆ ಗೊತ್ತೇ ಆಗಲಿಲ್ಲ. ನಿನ್ನೆ ತೂಗಿದಾಗ 8 ಕಿಲೋ 200 ಗ್ರಾಂ ಇತ್ತು. ಚಪ್ಪಲಿಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ದೇವೆ, ಮಾವನವರ ಒಂದು ಹಳೆಯ ಕೊಲ್ಹಾಪುರಿಯನ್ನು ಮಾತ್ರ ಪಾಠಕ್ಕೆಂದು ಕೇಳಿ ಇಟ್ಟುಕೊಂಡಿದ್ದೇನೆ. ಇಂದು ಸಂಜೆ ಗಂಟು ಹಾಕಿದ ಬಟ್ಟೆಯಿಂದ ಆರಂಭಿಸುತ್ತೇನೆ.